‘ಐತಿ’ ಅನ್ನುವ ಊರಿಗೆ ‘ಹ್ಯಾವ್’ ಬಂದಾಗ

‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್.’ ‘ಯೆಸ್ಟರ್‌ಡೇ ಹೀ ಡಿಡ್ ನಾಟ್ ಕೇಮ್.’ ‘ವೇರ್ ಯೂ ಆರ್ ಗೋಯಿಂಗ್?’ ‘ಯೂ ಆರ್ ಫ್ರಮ್ ಗೋಕಾಕ, ಈಸಂಟ್ ಇಟ್?’

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಕಾಲೇಜಿನ ಅಂಗಳದಲ್ಲೋ ಬ್ಯಾಂಕಿನ ಸಾಲಿನಲ್ಲೋ ನಿಂತರೆ ಇಂಥ ಒಂದು ವಾಕ್ಯವಾದರೂ ಕಿವಿಗೆ ಬೀಳುತ್ತದೆ. ಹೇಳುವವರು ಹೇಳಬೇಕಾದ್ದನ್ನು ಹೇಳಿದ್ದಾರೆ, ಕೇಳಿದವರಿಗೆ ತಿಳಿದೂ ಇದೆ. ಆದರೂ ವ್ಯಾಕರಣ ಬಲ್ಲವರು ನಾಲ್ಕು ವಾಕ್ಯಕ್ಕೂ ಕೆಂಪು ಗೆರೆ ಎಳೆಯುತ್ತಾರೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಅಂದರೆ ಎಸ್ಸೆಸ್ಸೆಲ್ಸಿ ಮುಗಿಸುವ ಹೊತ್ತಿಗೆ ಒಂದು ಮಗು ಹತ್ತು ವರ್ಷ ಈ ಭಾಷೆಯ ಜೊತೆ ಇದ್ದಿರುತ್ತದೆ. ಹತ್ತು ವರ್ಷದ ನಂತರವೂ ‘ಡಿಡ್ ನಾಟ್ ಕೇಮ್’ ಹೋಗದಿದ್ದರೆ ಅದಕ್ಕೆ ಏನೋ ಕಾರಣವಿರಬೇಕು. ಹುಡುಗರು ಓದೂದಿಲ್ಲ, ಮಾಸ್ತರರು ಕಲಿಸೂದಿಲ್ಲ ಎಂಬುದು ಕಟ್ಟೆಯ ಮೇಲೆ ಕೂತವರ ಉತ್ತರ. ಆ ಉತ್ತರ ಸುಲಭದ್ದು, ಮತ್ತು ಬಹುಪಾಲು ತಪ್ಪು.

ಯಾಕೆಂದರೆ ಈ ತಪ್ಪುಗಳು ಬಾಯಿಗೆ ಬಂದಂತೆ ಆದವಲ್ಲ, ಅವಕ್ಕೂ ಒಂದು ಶಿಸ್ತಿದೆ. ಗೋಕಾಕದವರು ಮಾಡುವ ತಪ್ಪನ್ನೇ ಗದಗಿನವರೂ ಮಾಡುತ್ತಾರೆ, ಅದೇ ಜಾಗದಲ್ಲಿ, ಅದೇ ರೀತಿಯಲ್ಲಿ. ಎಡಿನ್‌ಬರೋದ ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲಿ ಬರೆದ ಒಂದು ಲೇಖನ ಭಾಷೆ ಕಲಿಸುವವರ ಲೋಕದಲ್ಲಿ ಇಂದಿಗೂ ಓದಿಸಿಕೊಳ್ಳುತ್ತದೆ. ಅವಸರದಲ್ಲಿ ನಾಲಿಗೆ ತಪ್ಪುವುದು ಬೇರೆ, ಮತ್ತೆ ಮತ್ತೆ ಒಂದೇ ಕಡೆ ತಪ್ಪುವುದು ಬೇರೆ ಎಂದು ಆತ ಎರಡನ್ನೂ ಬೇರ್ಪಡಿಸಿದ. ಎರಡನೆಯದು ಕಲಿಯುವವನ ತಲೆಯಲ್ಲಿ ಆಗಲೇ ಒಂದು ವ್ಯಾಕರಣ ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿ. ಐದು ವರ್ಷಗಳ ನಂತರ, 1972ರಲ್ಲಿ, ಲ್ಯಾರಿ ಸೆಲಿಂಕರ್ ಈ ಸ್ಥಿತಿಗೆ ‘ನಡುಭಾಷೆ’ ಎಂಬರ್ಥದ ಹೆಸರನ್ನೂ ಇಟ್ಟ. ತಾಯ್ನುಡಿಯನ್ನು ದಾಟಿ ಬಂದಿದೆ, ಆಚೆ ದಂಡೆ ಇನ್ನೂ ಮುಟ್ಟಿಲ್ಲ, ಅಂಥ ಭಾಷೆ.

ಹಾಗಾದರೆ ನಮ್ಮ ಕಡೆಯವರ ತಲೆಯಲ್ಲಿ ಕೆಲಸ ಮಾಡುವ ವ್ಯಾಕರಣ ಯಾವುದು? ‘ನನಗ ಇಬ್ಬರ ಅಣ್ಣತಮ್ಮರ ಅದಾರ’, ‘ನಮಗ ಎರಡ ಎಕರೆ ಹೊಲ ಐತಿ’, ‘ನನಗ ಗೊತ್ತೈತಿ’. ಈ ಮೂರನ್ನೂ ಬಿಡಿಸಿ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಕನ್ನಡದಲ್ಲಿ ‘ಹ್ಯಾವ್’ ಎಂಬ ಕ್ರಿಯಾಪದವೇ ಇಲ್ಲ. ಹೊಲ ನನಗೆ ‘ಇರುತ್ತದೆ’, ತಿಳಿವು ನನಗೆ ‘ಇರುತ್ತದೆ’. ಅಣ್ಣತಮ್ಮಂದಿರನ್ನು ನಾನು ಹೊಂದುವುದಿಲ್ಲ, ಅವರು ನನಗೆ ಇರುತ್ತಾರೆ. ಎಲ್ಲವೂ ‘ಇರು’ ಎಂಬ ಒಂದೇ ಕಂಬಕ್ಕೆ ಕಟ್ಟಿಕೊಂಡ ಭಾಷೆ ಇದು. ಹೀಗೆ ಬೆಳೆದವನ ಮುಂದೆ ಇಂಗ್ಲಿಷಿನ ‘ಹ್ಯಾವ್’, ‘ನೋ’ ಇಟ್ಟರೆ ಅವುಗಳ ಬಗಲಿಗೆ ಒಂದು ‘ಇರು’ ಇಲ್ಲದೆ ಅವನಿಗೆ ಸಮಾಧಾನವಾಗದು. ‘ಆ್ಯಮ್’ ಬರುತ್ತದೆ, ಅದರ ಬೆನ್ನಿಗೆ ‘ಇಂಗ್’ ಬರುತ್ತದೆ, ‘ಐ ಆ್ಯಮ್ ನೋಯಿಂಗ್’ ಸಿದ್ಧವಾಗುತ್ತದೆ.

‘ಡಿಡ್ ನಾಟ್ ಕೇಮ್’ ಕತೆಯೂ ಹೆಚ್ಚುಕಡಿಮೆ ಹೀಗೇ. ‘ನಿನ್ನೆ ಅಂವ ಬಂದಿಲ್ಲ’ ಎನ್ನುವಾಗ ‘ಬಂದು’ ಎಂಬ ಆಗಿಹೋದ ಕಾಲದ ರೂಪ ಹಾಗೆಯೇ ಉಳಿದು, ಅದರ ಬಾಲಕ್ಕೆ ‘ಇಲ್ಲ’ ಅಂಟುತ್ತದೆ. ಇಂಗ್ಲಿಷ್ ಮಾತ್ರ ಕಾಲವನ್ನು ‘ಡಿಡ್’ ಕೈಗೆ ಕೊಟ್ಟು ಮುಖ್ಯ ಕ್ರಿಯಾಪದವನ್ನು ಬರಿಗೈಯಲ್ಲಿ ಬಿಡುತ್ತದೆ. ಎಲ್ಲ ತಪ್ಪಿಗೂ ಕನ್ನಡವೇ ಹೊಣೆ ಅನ್ನುವಂತೆಯೂ ಇಲ್ಲ. ಇಂಗ್ಲಿಷನ್ನೇ ತಾಯಿಯ ಬಾಯಿಂದ ಕೇಳಿ ಬೆಳೆಯುವ ಮಕ್ಕಳೂ ಮೂರು-ನಾಲ್ಕರ ವಯಸ್ಸಿನಲ್ಲಿ ಕಾಲವನ್ನು ಎರಡೆರಡು ಸಲ ಹಚ್ಚುತ್ತಾರೆ, ಇಲ್ಲವೇ ‘ವೆಂಟ್’ ಎನ್ನಬೇಕಾದಲ್ಲಿ ‘ಗೋಡ್’ ಎನ್ನುತ್ತಾರೆ. ಅವರಿಗೆ ಆ ರೂಪವನ್ನು ಯಾರೂ ಕಲಿಸಿರುವುದಿಲ್ಲ. ನಿಯಮವೊಂದನ್ನು ತಾವೇ ಕಂಡುಕೊಂಡು, ಅದು ಹತ್ತದ ಕಡೆಯೂ ಹಚ್ಚಿ ನೋಡುತ್ತಾರೆ, ಅಷ್ಟೆ.

ಪ್ರಶ್ನೆ ಕೇಳುವಾಗ ಕನ್ನಡ ಪದಗಳ ಜಾಗ ಬದಲಿಸುವುದಿಲ್ಲ. ‘ನೀ ಊರಿಗೆ ಹೊಂಟಿ’, ‘ನೀ ಎಲ್ಲಿಗೆ ಹೊಂಟಿ?’ ಇಷ್ಟೇ. ಇಂಗ್ಲಿಷಿನಲ್ಲಿ ‘ಆರ್’ ಎದ್ದು ‘ಯೂ’ ಮುಂದೆ ಹೋಗಿ ನಿಲ್ಲಬೇಕು. ಈ ಜಿಗಿತ ನಮಗೆ ಅಭ್ಯಾಸವಿಲ್ಲ. ‘ಈಸಂಟ್ ಇಟ್’ ಅಂತೂ ನಮ್ಮ ‘ಹೌದಲ್ರಿ?’ಯ ತಮ್ಮ. ‘ಹೌದಲ್ರಿ’ ಯಾವ ವಾಕ್ಯದ ಬೆನ್ನಿಗಾದರೂ ನಡೆಯುತ್ತದೆ, ಅವನಿಗೊಂದು ಅವಳಿಗೊಂದು, ನಿನ್ನೆಗೊಂದು ನಾಳೆಗೊಂದು ಎಂಬ ಭೇದವಿಲ್ಲ. ಫ್ರೆಂಚರಿಗೂ ಇಂಥದೇ ಒಂದು ಬಾಲ ಸಾಕಾಗುತ್ತದೆ. ತಮಾಷೆಯೆಂದರೆ ಲಂಡನ್ನಿನ ಬೀದಿಗಳಲ್ಲೂ ಈಗ ಹುಡುಗರು ಎಲ್ಲ ವಾಕ್ಯದ ಕೊನೆಗೂ ‘ಇನ್ನಿಟ್’ ಎಂಬ ಒಂದೇ ಬಾಲ ಕಟ್ಟುತ್ತಾರೆ. ಆ ಲೆಕ್ಕದಲ್ಲಿ ಗೋಕಾಕ ಲಂಡನ್ನಿಗಿಂತ ಹಿಂದೇನೂ ಬಿದ್ದಿಲ್ಲ.

‘ಎ’ ಮತ್ತು ‘ದ’ಗಳ ಕಾಟ ಇನ್ನೊಂದು. ಕನ್ನಡಕ್ಕೆ ಅವು ಇಲ್ಲ ಎಂದು ಹೇಳಿ ಮಾಸ್ತರರು ಮುಂದೆ ಹೋಗುತ್ತಾರೆ. ಆದರೆ ಅವು ಮಾಡುವ ಕೆಲಸ ಕನ್ನಡದಲ್ಲಿ ಇದೆ. ‘ಪುಸ್ತಕ ತಂದೆ’ ಎಂದರೆ ಯಾವುದೋ ಒಂದು ಪುಸ್ತಕ. ‘ಪುಸ್ತಕವನ್ನು ತಂದೆ’ ಎಂದರೆ ನಿಮಗೂ ನನಗೂ ಗೊತ್ತಿರುವ ಆ ಪುಸ್ತಕ. ಇಂಗ್ಲಿಷ್ ಮುಂದೆ ಹಚ್ಚುವುದನ್ನು ನಾವು ಹಿಂದೆ ಹಚ್ಚುತ್ತೇವೆ, ಅದೂ ಬೇಕೆನಿಸಿದಾಗ ಮಾತ್ರ. ಹುಡುಗರಿಗೆ ಇದನ್ನು ತೋರಿಸಿದರೆ ಅರ್ಧ ಕಾಟ ತಪ್ಪುತ್ತದೆ. ಹಾಗೆ ತೋರಿಸುವ ವ್ಯಾಕರಣ ಪುಸ್ತಕ ನಮ್ಮ ಶಾಲೆಗಳಲ್ಲಿ ಅಪರೂಪ.

ಎಲ್ಲಕ್ಕಿಂತ ದೊಡ್ಡ ಗೊಂದಲ ಹುಟ್ಟುವುದು ಇನ್ನೊಬ್ಬರ ಮಾತನ್ನು ವರದಿ ಮಾಡುವಾಗ. ‘ಅಂವ ನಾ ನಾಳೆ ಬರ್ತೀನಿ ಅಂದ.’ ಈ ವಾಕ್ಯದಲ್ಲಿ ‘ನಾ’ ಯಾರು? ಕನ್ನಡಿಗರಿಗೆ ಅನುಮಾನವೇ ಬರುವುದಿಲ್ಲ, ಬರುವವನು ಅವನೇ. ನಾವು ಇನ್ನೊಬ್ಬರ ಮಾತನ್ನು ಅವರ ಬಾಯಲ್ಲೇ ಇಟ್ಟು, ಕೊನೆಗೆ ‘ಅಂದ’, ‘ಅಂತ’ ಎಂಬ ಒಂದು ಗೂಟ ಹೊಡೆದು ಮುಗಿಸುತ್ತೇವೆ. ಕಾಲ ಬದಲಿಸಬೇಕಿಲ್ಲ, ಆಳು ಬದಲಿಸಬೇಕಿಲ್ಲ. ಇಂಗ್ಲಿಷಿನಲ್ಲಿ ‘ನಾನು’ ‘ಅವನು’ ಆಗಬೇಕು, ‘ವಿಲ್’ ‘ವುಡ್’ ಆಗಬೇಕು, ‘ಟುಮಾರೋ’ ‘ದ ನೆಕ್ಸ್ಟ್ ಡೇ’ ಆಗಬೇಕು. ನಮ್ಮ ಹುಡುಗ ‘ಹೀ ಟೋಲ್ಡ್ ದ್ಯಾಟ್ ಐ ವಿಲ್ ಕಮ್ ಟುಮಾರೋ’ ಎಂದರೆ, ಕನ್ನಡ ಗೊತ್ತಿಲ್ಲದ ಮೇಲಧಿಕಾರಿಗೆ ನಾಳೆ ಬರುವವನು ಈ ಹುಡುಗನೇ ಎಂದು ಕೇಳಿಸುತ್ತದೆ. ಇಲ್ಲಿ ನಗುವಂಥದ್ದೇನೂ ಇಲ್ಲ, ಕೆಲಸವೇ ಕೆಡುತ್ತದೆ. ಪರೀಕ್ಷೆಯಲ್ಲಿ ಇದಕ್ಕೊಂದು ಪ್ರಶ್ನೆ ಬರುತ್ತದೆ, ಹುಡುಗರು ಸೂತ್ರ ಬಾಯಿಪಾಠ ಮಾಡಿ ಅಂಕವನ್ನೂ ತೆಗೆಯುತ್ತಾರೆ. ಪರೀಕ್ಷಾ ಕೊಠಡಿಯ ಹೊರಗೆ ಬಂದ ಕೂಡಲೇ ‘ಹೀ ಟೋಲ್ಡ್ ದ್ಯಾಟ್ ಐ’ ಮರಳಿ ಬರುತ್ತದೆ. ‘ಅಂದ’ ಎಂಬ ಗೂಟ ಇಂಗ್ಲಿಷಿನಲ್ಲಿ ಇಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಇಂಗ್ಲಿಷ್ ವ್ಯಾಕರಣದಲ್ಲಿ ಫೇಲಾದ ಇದೇ ಜನ ಇಂಗ್ಲಿಷ್ ಪದಗಳನ್ನು ಕನ್ನಡದ ವ್ಯಾಕರಣಕ್ಕೆ ಎಷ್ಟು ಸಲೀಸಾಗಿ ಹೂಡುತ್ತಾರೆ ನೋಡಬೇಕು. ‘ಬಸ್ಸು ಲೇಟಾಗೇತಿ’, ‘ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ’, ‘ಟೆನ್ಶನ್ ತೊಗೋಬ್ಯಾಡ್ರಿ’, ‘ಟಿಕೆಟ್ ಕ್ಯಾನ್ಸಲ್ ಮಾಡಿಸ್ಯಾರ’. ಒಂದು ಪ್ರತ್ಯಯವೂ ತಪ್ಪಿಲ್ಲ. ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲೂ ತಪ್ಪುವುದಿಲ್ಲ. ವ್ಯಾಕರಣದ ಬುದ್ಧಿ ಅವರಲ್ಲಿ ಇಲ್ಲವೆನ್ನಲು ಯಾರಿಗೂ ಬಾಯಿಲ್ಲ.

ಇನ್ನು ಇಂಗ್ಲಿಷ್ ಮನೆಮಾತಾಗಿರುವವರ ಸಂಗತಿ. ಅವರು ತಪ್ಪಿಲ್ಲದೆ ಬರೆಯುತ್ತಾರೆ ಎಂಬುದು ನಮ್ಮ ಕಡೆ ಬೇರೂರಿದ ನಂಬಿಕೆ. ‘ಯುವರ್’ ಎಂಬ ಒಂದೇ ಉಚ್ಚಾರಣೆಗೆ ಇರುವ ಎರಡು ಬರವಣಿಗೆಗಳನ್ನು, ‘ಇಟ್ಸ್’ನ ಎರಡು ರೂಪಗಳನ್ನು ಅದಲುಬದಲು ಮಾಡುವ ಬ್ರಿಟಿಷರು, ಅಮೆರಿಕನ್ನರು ಲಕ್ಷಗಟ್ಟಲೆ ಇದ್ದಾರೆ. ‘ಕುಡ್ ಹ್ಯಾವ್’ ಎಂಬುದು ಕಿವಿಗೆ ‘ಕುಡ್ ಆಫ್’ ಎಂದು ಕೇಳಿಸುವುದರಿಂದ ಹಾಗೆಯೇ ಬರೆದುಬಿಡುತ್ತಾರೆ. ‘ಮೀ ಆ್ಯಂಡ್ ಮೈ ಫ್ರೆಂಡ್ ವೆಂಟ್’ ಎನ್ನುವುದು ಅವರ ದಿನನಿತ್ಯದ ಮಾತು. ಪೀಟರ್ ಟ್ರಡ್ಗಿಲ್ ಎಂಬ ವಿದ್ವಾಂಸ ಇಂಗ್ಲೆಂಡಿನ ನಾರ್ವಿಚ್ ಪಟ್ಟಣದ ಮಾತನ್ನು ಅಭ್ಯಾಸ ಮಾಡಿ 1974ರಲ್ಲಿ ಪುಸ್ತಕ ತಂದ. ಅಲ್ಲಿನ ದುಡಿಯುವ ವರ್ಗದವರು ‘ಶೀ ಗೋಸ್’ ಎನ್ನುವ ಬದಲು ‘ಶೀ ಗೋ’ ಎನ್ನುವುದೇ ಹೆಚ್ಚು ಎಂದು ಅದರಲ್ಲಿ ದಾಖಲಾಗಿದೆ. ಹುಕ್ಕೇರಿಯ ಹುಡುಗಿ ‘ಶೀ ಗೋ’ ಎಂದರೆ ಅಂಕ ಹೋಗುತ್ತದೆ. ನಾರ್ವಿಚ್ಚಿನಲ್ಲಿ ಅದು ಅಜ್ಜ-ಅಜ್ಜಿಯ ಮಾತು.

ಇಂಗ್ಲೆಂಡಿನ ಶಾಲೆಗಳಲ್ಲಂತೂ 1960ರ ದಶಕದಿಂದೀಚೆಗೆ ವ್ಯಾಕರಣ ಪಾಠ ಬಹುಮಟ್ಟಿಗೆ ಮರೆಯಾಗಿತ್ತು. ಹತ್ತು-ಹನ್ನೊಂದರ ಮಕ್ಕಳಿಗೆ ವ್ಯಾಕರಣ, ವಿರಾಮಚಿಹ್ನೆ, ಕಾಗುಣಿತಗಳ ಪ್ರತ್ಯೇಕ ಪರೀಕ್ಷೆ ಶುರುವಾದದ್ದು 2013ರಲ್ಲಿ. ಜೊತೆಗೆ ಇನ್ನೊಂದು ಬದಲಾವಣೆ ಎಲ್ಲ ಭಾಷೆಗಳಿಗೂ ಆಗಿದೆ. ಹಿಂದೆ ಜನ ಓದುತ್ತಿದ್ದ ಬರಹವೆಲ್ಲ ಸಂಪಾದಕ, ಕರಡು ತಿದ್ದುವವ ಇಬ್ಬರ ಕೈ ದಾಟಿ ಬರುತ್ತಿತ್ತು. ಈಗ ಮೊಬೈಲು ಹಿಡಿದವರೆಲ್ಲ ಬರೆಯುತ್ತಾರೆ, ಬರೆದದ್ದು ಬರೆದ ಕ್ಷಣವೇ ನೂರು ಜನರಿಗೆ ಕಾಣುತ್ತದೆ. ತಪ್ಪು ಮೊದಲೂ ಇತ್ತು, ಪತ್ರಪೆಟ್ಟಿಗೆಯೊಳಗೆ ಮುಚ್ಚಿಕೊಂಡಿತ್ತು.

ತಪ್ಪು ಎಂದು ತೀರ್ಮಾನಿಸಿದವರಾದರೂ ಯಾರು? 1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿ, ಮುಂದೆ ಲಂಡನ್ನಿನ ಬಿಷಪ್ ಆದವನು, ಇಂಗ್ಲಿಷ್ ವ್ಯಾಕರಣದ ಸಣ್ಣ ಪುಸ್ತಕವೊಂದನ್ನು ಪ್ರಕಟಿಸಿದ. ಅದರಲ್ಲಿ ತಪ್ಪು ಪ್ರಯೋಗಗಳಿಗೆ ಉದಾಹರಣೆಯಾಗಿ ಅವನು ಆರಿಸಿಕೊಂಡವರಲ್ಲಿ ಶೇಕ್ಸ್‌ಪಿಯರ್, ಮಿಲ್ಟನ್ ಇದ್ದರು! ಶೇಕ್ಸ್‌ಪಿಯರ್ ತನ್ನ ಜೂಲಿಯಸ್ ಸೀಸರ್ ನಾಟಕದಲ್ಲಿ ಒಂದೇ ಗುಣವಾಚಕಕ್ಕೆ ‘ಮೋಸ್ಟ್’ ಮತ್ತು ‘ಎಸ್ಟ್’ ಎರಡನ್ನೂ ಹಚ್ಚಿದ್ದಾನೆ. ನಮ್ಮ ಶಾಲೆಯಲ್ಲಿ ಬರೆದಿದ್ದರೆ ಒಂದು ಅಂಕ ಖೋತಾ. ಆ ಕಾಲದ ಮತ್ತು ನಂತರದ ಹಲವು ವ್ಯಾಕರಣಕಾರರಿಗೆ ಮಾದರಿಯಾಗಿದ್ದದ್ದು ಲ್ಯಾಟಿನ್. ಲ್ಯಾಟಿನ್ನಿನಲ್ಲಿ ಆಗದ್ದು ಇಂಗ್ಲಿಷಿನಲ್ಲೂ ಆಗಬಾರದು ಎಂಬ ಹಟದಿಂದ ಹುಟ್ಟಿದ ಕೆಲವು ನಿಯಮಗಳು ಇವತ್ತಿಗೂ ಮಕ್ಕಳನ್ನು ಕಾಡುತ್ತಿವೆ.

ಕನ್ನಡದಲ್ಲೂ ಇದೇ ನಡೆದಿದೆ. ಸುಮಾರು 1260ರ ಕೇಶಿರಾಜನ ಶಬ್ದಮಣಿದರ್ಪಣ ಮೇರುಕೃತಿ, ಸಂಶಯವಿಲ್ಲ. ಆದರೆ ಅದರ ಚೌಕಟ್ಟು ಸಂಸ್ಕೃತದ್ದು. ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕ ಬರೆದದ್ದು ಈ ಕಾರಣಕ್ಕೆ. ಪಂಚಮಿ ವಿಭಕ್ತಿಯ ಪ್ರತ್ಯಯ ‘ದೆಸೆಯಿಂದ’ ಎಂದು ತಲೆಮಾರುಗಳ ಮಕ್ಕಳು ಕಂಠಪಾಠ ಮಾಡಿದ್ದಾರೆ. ‘ಮರದ ದೆಸೆಯಿಂದ ಹಣ್ಣು ಬಿತ್ತು’ ಎಂದು ಕನ್ನಡನಾಡಿನಲ್ಲಿ ಯಾರಾದರೂ ಹೇಳಿದ್ದನ್ನು ಕೇಳಿದವರುಂಟೇ?

ಇನ್ನು ನಮ್ಮ ಸೀಮೆಯ ಘೋಡಗೇರಿಗೆ ಬರೋಣ. ಹುಕ್ಕೇರಿ ತಾಲ್ಲೂಕಿನ ಈ ಊರಲ್ಲಿ 1937ರ ಜನವರಿ 2ರಂದು ಹುಟ್ಟಿದ ಚಂದ್ರಶೇಖರ ಕಂಬಾರರು ಗೋಕಾಕದಲ್ಲಿ ಹೈಸ್ಕೂಲು ಓದಿ, ಧಾರವಾಡದಲ್ಲಿ ಎಂ.ಎ. ಮಾಡಿ, ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. 2010ನೇ ಸಾಲಿನ ಜ್ಞಾನಪೀಠ ಅವರಿಗೆ ಬಂತು. ಅವರ ಕಾವ್ಯ, ನಾಟಕಗಳ ಜೀವಾಳ ಈ ಸೀಮೆಯ ಮಾತು. ‘ಹೇಳತೇನ ಕೇಳ’ ಎಂಬ ಅವರ ಕೃತಿಯ ಹೆಸರನ್ನೇ ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ಬರೆದರೆ ‘ಹೇಳುತ್ತೇನೆ ಕೇಳು’ ಎಂದು ತಿದ್ದುವ ಕೈಗಳು ಇವತ್ತಿಗೂ ಇವೆ. ಕಂಬಾರರ ಪುಸ್ತಕದಲ್ಲಿ ಅದು ಸಾಹಿತ್ಯ, ಅವರದೇ ಊರಿನ ಹುಡುಗನ ಕನ್ನಡ ಪೇಪರಿನಲ್ಲಿ ಅದು ತಪ್ಪು.

ಇದರಲ್ಲಿ ಇತಿಹಾಸದ ಒಂದು ವ್ಯಂಗ್ಯವೂ ಇದೆ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ನಾಲ್ಕು ಊರುಗಳ ನಡುವಿನ ನೆಲವನ್ನು ತೋರಿಸುತ್ತದೆ: ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದ. ಅಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲ್ಲೂಕಿನ ಒಕ್ಕುಂದ. ಆಗ ಒಳ್ಳೆಯ ಕನ್ನಡದ ಗಡಿಗಲ್ಲೊಂದು ಬೆಳಗಾವಿ ಜಿಲ್ಲೆಯಲ್ಲಿತ್ತು. ಈಗ ಇಲ್ಲಿನವರು ಬೆಂಗಳೂರಿಗೆ ಹೋದರೆ ‘ನಿಮ್ಮದು ಯಾವ ಕನ್ನಡ?’ ಎಂದು ಕೇಳಿಸಿಕೊಳ್ಳುತ್ತಾರೆ. ಅಧಿಕಾರದ ಊರು ಬದಲಾದಾಗ ಶುದ್ಧಿಯ ಊರೂ ಬದಲಾಗುತ್ತದೆ. ಕನ್ನಡದ ಪ್ರಾದೇಶಿಕ ರೂಪಗಳು ಎಷ್ಟೊಂದು ಬೇರೆಬೇರೆ ಎಂದರೆ ಅವುಗಳ ದೋಷ ಎಣಿಸಹೊರಟರೆ ವಾಸುಕಿಗೂ ಬೇಸರವಾದೀತು ಎಂಬ ಮಾತನ್ನು ಅದೇ ಕವಿರಾಜಮಾರ್ಗ ಹೇಳಿದೆ. ಕೆಂಪು ಶಾಯಿಯ ಪೆನ್ನು ಹಿಡಿಯುವವರು ಓದಬೇಕಾದ ಭಾಗ ಅದು.

ಹೀಗೆ ಘೋಡಗೇರಿಯ ಮಗು ಇಂಗ್ಲಿಷಿಗೆ ಬರುವ ಮೊದಲೇ ಒಂದು ವ್ಯಾಕರಣವನ್ನು ಕಳೆದುಕೊಂಡಿರುತ್ತದೆ. ಮನೆಯಲ್ಲಿ ‘ಅಂವ ಹೋಗ್ಯಾನ’, ಶಾಲೆಯಲ್ಲಿ ‘ಅವನು ಹೋಗಿದ್ದಾನೆ’. ಎರಡೂ ಕನ್ನಡವೇ, ಎರಡಕ್ಕೂ ಅದರದರ ನಿಯಮವಿದೆ ಎಂದು ಹೇಳುವವರಿಲ್ಲ. ಮೊದಲನೆಯದು ತಪ್ಪು ಎಂದಷ್ಟೇ ಹೇಳುತ್ತಾರೆ. ಗಡಿ ಸೀಮೆಯಾದ್ದರಿಂದ ಕೆಲವು ಮನೆಗಳಲ್ಲಿ ಮರಾಠಿ, ಕೆಲವು ಮನೆಗಳಲ್ಲಿ ಉರ್ದು ಬೇರೆ. ಇವುಗಳ ಮೇಲೆ ಇಂಗ್ಲಿಷ್ ಬಂದು ಕೂರುತ್ತದೆ. ತನ್ನ ಬಾಯಲ್ಲಿ ಸಹಜವಾಗಿ ಬಂದದ್ದೆಲ್ಲ ತಪ್ಪು ಎಂದು ಮೊದಲ ಹಂತದಲ್ಲೇ ಕಲಿತ ಮಗು, ಇಂಗ್ಲಿಷಿನಲ್ಲಿ ಒಂದೋ ಬಾಯಿ ತೆರೆಯುವುದಿಲ್ಲ, ಇಲ್ಲವೇ ಬಾಯಿಪಾಠದ ವಾಕ್ಯದ ಆಚೆ ಹೆಜ್ಜೆ ಇಡುವುದಿಲ್ಲ.

ಬಾಯಿಪಾಠದ ಮೂಲವೂ ಹಳೆಯದು. ಬ್ರಿಟಿಷರ ಕಾಲದಲ್ಲಿ ಬೆಳಗಾವಿ ಬಾಂಬೆ ಪ್ರಾಂತಕ್ಕೆ ಸೇರಿತ್ತು. ಅದೇ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದ ಪಿ.ಸಿ. ರೆನ್, ಎಚ್. ಮಾರ್ಟಿನ್ ಜೊತೆಗೂಡಿ ಬರೆದ ವ್ಯಾಕರಣ ಪುಸ್ತಕ 1930ರ ದಶಕದಿಂದ ಇಂದಿನವರೆಗೆ ಭಾರತದ ಇಂಗ್ಲಿಷ್ ಕಲಿಕೆಯನ್ನು ಆಳಿದೆ. (ಈ ರೆನ್ ಮಹಾಶಯ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿಯನ್ನೂ ಬರೆದವನು. ಅವನ ಕಾದಂಬರಿಗಿಂತ ವ್ಯಾಕರಣವನ್ನೇ ಭಾರತೀಯರು ಹೆಚ್ಚು ಓದಿದ್ದು ಅವನ ದುರದೃಷ್ಟ.) ಆ ಪುಸ್ತಕ ಮೂಲತಃ ಮನೆಯಲ್ಲಿ ಇಂಗ್ಲಿಷ್ ಆಡುವ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದದ್ದು. ‘ನಮಗ ಹೊಲ ಐತಿ’ ಎನ್ನುವ ಮನೆಯ ಮಗುವಿಗೆ ಎಲ್ಲಿ ತೊಡಕಾಗುತ್ತದೆ ಎಂಬುದು ಅದರ ಲೆಕ್ಕದಲ್ಲಿ ಇರಲಿಲ್ಲ.

ಗೋಕಾಕ ಎಂಬ ಊರಿನ ಹೆಸರನ್ನೇ ಅಡ್ಡಹೆಸರಾಗಿ ಹೊತ್ತಿದ್ದ ವಿ.ಕೃ. ಗೋಕಾಕರು ಕನ್ನಡ, ಇಂಗ್ಲಿಷ್ ಎರಡೂ ಲೋಕ ಕಂಡವರು. ಆಕ್ಸ್‌ಫರ್ಡಿನಲ್ಲಿ ಓದಿದ ಇಂಗ್ಲಿಷ್ ಪ್ರಾಧ್ಯಾಪಕ, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕ, ಜೊತೆಗೆ ಕನ್ನಡದ ಕವಿ. ಕನ್ನಡವನ್ನು ಶಾಲೆಗಳಲ್ಲಿ ಪ್ರಥಮ ಭಾಷೆಯಾಗಿಸಬೇಕು ಎಂದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರು ಇದೇ ಇಂಗ್ಲಿಷ್ ಪ್ರಾಧ್ಯಾಪಕರು ಎಂಬುದನ್ನು ಆ ವರದಿಯ ಜಾರಿಗಾಗಿ ನಡೆದ ಚಳವಳಿಯ ಕಾವಿನಲ್ಲಿ ಬಹಳ ಮಂದಿ ಗಮನಿಸಲಿಲ್ಲ. ಕನ್ನಡ ಗಟ್ಟಿಯಾದವರಿಗೆ ಇಂಗ್ಲಿಷ್ ಕಷ್ಟವಾಗುತ್ತದೆ ಎಂಬ ವಾದಕ್ಕೆ ಅವರ ಬದುಕೇ ಎದುರುತ್ತರ.

ಕನ್ನಡದ ನಡಿಗೆಯನ್ನು ಇಂಗ್ಲಿಷಿಗೆ ತರುವುದು ಯಾವಾಗಲೂ ತಪ್ಪೇ? ಹಾಸನದಲ್ಲಿ ಹುಟ್ಟಿದ ರಾಜಾರಾವ್ 1938ರ ‘ಕಾಂತಾಪುರ’ ಕಾದಂಬರಿಯಲ್ಲಿ ಹಳ್ಳಿಯ ಅಜ್ಜಿಯೊಬ್ಬಳ ಬಾಯಿಂದ ಉಸಿರು ಬಿಡದೆ ಹರಿಯುವ ಉದ್ದುದ್ದ ವಾಕ್ಯಗಳಲ್ಲಿ ಕತೆ ಹೇಳಿಸಿದರು, ಅದನ್ನು ಜಗತ್ತು ಮೆಚ್ಚಿತು. ಕಾಶ್ಮೀರದಿಂದ ಹೋಗಿ ಅಮೆರಿಕದ ಇಲಿನಾಯ್‌ನಲ್ಲಿ ನೆಲೆಸಿದ ಬ್ರಜ್ ಕಚ್ರು, ಭಾರತದ ಇಂಗ್ಲಿಷ್ ಅರೆಬೆಂದ ಇಂಗ್ಲಿಷ್ ಅಲ್ಲ, ತನ್ನದೇ ನಿಯಮಗಳಿರುವ ಇನ್ನೊಂದು ಇಂಗ್ಲಿಷ್ ಎಂದು ಜೀವನವಿಡೀ ವಾದಿಸಿದರು. ‘ಪ್ರಿಪೋನ್’ ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ. ನಮ್ಮ ಕಚೇರಿಗಳ ‘ಕೈಂಡ್ಲಿ ಡು ದ ನೀಡ್‌ಫುಲ್’ ಕೇಳಿ ಇಂದಿನ ಬ್ರಿಟಿಷರು ನಗುತ್ತಾರೆ, ಅದು ಅವರ ಮುತ್ತಾತಂದಿರ ಕಚೇರಿಗಳಿಂದಲೇ ಬಂದ ಮಾತು.

ಕಚ್ರು ಅವರ ವಾದವನ್ನು ಒಪ್ಪಿದರೂ ಸಂದರ್ಶನಕ್ಕೆ ಹೋಗುವ ಹುಡುಗನಿಗೆ ಅದು ಅನ್ನ ಕೊಡುವುದಿಲ್ಲ. ಅವನಿಗೆ ಪುಸ್ತಕದ ಇಂಗ್ಲಿಷ್ ಬೇಕೇ ಬೇಕು. ಪ್ರಶ್ನೆ ಇರುವುದು ಯಾವುದನ್ನು ಮೊದಲು ಕಲಿಸಬೇಕು ಎಂಬಲ್ಲಿ. ಅರ್ಥ ಕೆಡಿಸುವ ತಪ್ಪು ಮೊದಲು ಹೋಗಬೇಕು: ಯಾರು ಹೇಳಿದರು, ಯಾರು ಬರುತ್ತಾರೆ, ಆಗಿದೆಯೋ ಆಗಬೇಕೋ ಎಂಬ ಗೊಂದಲಗಳು. ‘ಐ ಆ್ಯಮ್ ಹ್ಯಾವಿಂಗ್’, ‘ಈಸಂಟ್ ಇಟ್’ಗಳು ನಂತರ. ‘ಶೀ ಗೋಸ್’ನ ಆ ಬಡಪಾಯಿ ‘ಎಸ್’ ಎಲ್ಲಕ್ಕಿಂತ ಕೊನೆಗೆ ಬಂದರೂ ನಡೆಯುತ್ತದೆ, ಅದಿಲ್ಲದೆ ಯಾರಿಗೂ ಅರ್ಥ ತಪ್ಪಿಲ್ಲ. ನಮ್ಮ ತರಗತಿಗಳಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು. ಮೊದಲ ಪೆಟ್ಟು ಬೀಳುವುದೇ ಆ ‘ಎಸ್’ಗಾಗಿ.

ಮನೆಯ ಕನ್ನಡವನ್ನು ಇಂಗ್ಲಿಷಿನ ಪಕ್ಕಕ್ಕಿಟ್ಟು ಹೋಲಿಕೆಯಿಂದ ಕಲಿಸಲು ಹೊಸ ಪಠ್ಯಪುಸ್ತಕವೂ ಬೇಕಿಲ್ಲ, ಸರ್ಕಾರದ ಸುತ್ತೋಲೆಯೂ ಬೇಕಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಯ ಇಂಗ್ಲಿಷ್ ಮಾಸ್ತರರು, ಬಾಯಿಯವರು ಮುಂದಿನ ಜೂನಿನಲ್ಲಿ ಶಾಲೆ ಶುರುವಾದಾಗ ಒಂದು ಕೆಲಸ ಮಾಡಿ ನೋಡಲಿ. ಕಪ್ಪು ಹಲಗೆಯ ಒಂದು ಬದಿಗೆ ಮಕ್ಕಳು ಮನೆಯಲ್ಲಿ ಆಡುವ ‘ಅಂವ ನಾ ಬರ್ತೀನಿ ಅಂದ’ ಎಂಬುದನ್ನು ಇದ್ದಂತೆಯೇ ಬರೆದು, ಇನ್ನೊಂದು ಬದಿಗೆ ಇಂಗ್ಲಿಷ್ ವಾಕ್ಯ ಬರೆದು, ಎರಡರ ನಡುವೆ ಏನೇನು ಜಾಗ ಬದಲಿಸಿತು ಎಂದು ಮಕ್ಕಳ ಕೈಯಲ್ಲೇ ಹುಡುಕಿಸಲಿ.